ಮುಂದೆ ನಡೆದವರು: ಸಂತ ಬರ್ನಾರ್ಡರ ಘಾಟಿಯ ಹಿಮದ ದಾರಿ



ತಪಸ್ಸುಕಾಲ ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ ಸೆಕೆಯೂ ಬಂತು. ಶುಕ್ರವಾರ ಶಿಲುಬೆಯ ಹಾದಿಗೆಂದು ಗುಡ್ಡೆ ಹತ್ತುವಾಗ ಮೂರನೆಯ ಸ್ಥಳ ತಲಪುವುದರೊಳಗೆ ಅಂಗಿ ಒದ್ದೆಯಾಗಿರುತ್ತದೆ. ಅದೇ ದಿನಗಳಲ್ಲಿ ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಚಳಿಗಾಲ ಇನ್ನೂ ಮುಗಿದಿರುವುದಿಲ್ಲ. ಹಗಲು ಸ್ವಲ್ಪ ಉದ್ದವಾಗಿದೆ, ಬಿಸಿಲಿಗೆ ಒಂದಿಷ್ಟು ಬಲ ಬಂದಿದೆ, ಆದರೆ ಘಾಟಿಗಳ ಮೇಲೆ ಹಿಮ ಮನೆಯ ಮಾಡಿನಷ್ಟು ಎತ್ತರಕ್ಕೆ ಬಿದ್ದಿದೆ. ಬೆಟ್ಟ ಹತ್ತುವವರು, ಕಾಲಿಗೆ ಸ್ಕೀ ಕಟ್ಟಿಕೊಂಡು ಶಿಖರದಿಂದ ಶಿಖರಕ್ಕೆ ಹೋಗುವವರು, ಅವರಿಗೆ ದಾರಿ ತೋರಿಸುವ ಗೈಡ್‌ಗಳು ಎಲ್ಲರೂ ವರ್ಷವಿಡೀ ಕಾಯುವುದು ಈ ಕೊನೆಯ ಚಳಿಗಾಲದ ವಾರಗಳಿಗಾಗಿ.

2025ರ ಸೆಪ್ಟೆಂಬರ್ 7ರಂದು ಪಿಯೆರ್ ಜೋರ್ಜೊ ಫ್ರಸ್ಸಾತಿ ಅವರಿಗೆ ಸಂತ ಪದವಿ ಸಿಕ್ಕಾಗ ನಮ್ಮ ಯುವ ಬಳಗದಲ್ಲಿ ಅವರ ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಬಂಡೆ ಹತ್ತುತ್ತಿರುವ, ಬಾಯಲ್ಲಿ ಪೈಪ್ ಇಟ್ಟುಕೊಂಡಿರುವ, ಸ್ಕೀ ಹಿಡಿದು ನಗುತ್ತಿರುವ ಸಂತ! ಇವರ ಬಗ್ಗೆ ಒಂದು ಪುಟ ಬರೆಯೋಣವೆಂದು ನಾವು ಹೊರಟೆವು. ಓದುತ್ತಾ ಹೋದಂತೆ ಅವರ ಹಿಂದೆ ಸುಮಾರು ಸಾವಿರ ವರ್ಷಗಳ ಒಂದು ಕಥೆ ಕಂಡಿತು. ಹಿಮದಲ್ಲಿ ಇನ್ನೊಬ್ಬರಿಗಾಗಿ ಮುಂದೆ ನಡೆದವರ ಕಥೆ ಅದು. ಈ ಲೇಖನದ ಹೆಚ್ಚಿನ ಭಾಗ ಅವರದ್ದೇ.

ಕಥೆ ನಡೆಯುವ ಜಾಗವನ್ನು ಮೊದಲು ನೋಡೋಣ. ಸ್ವಿಟ್ಜರ್‌ಲೆಂಡಿನ ಮಾರ್ತಿನ್ಯಿ ಪಟ್ಟಣದಿಂದ ಇಟಲಿಯ ಆವೋಸ್ತಾ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಂದು ಘಾಟಿ ಇದೆ. ಎತ್ತರ 2,469 ಮೀಟರ್, ಎಂದರೆ ಎಂಟು ಸಾವಿರ ಅಡಿಗೂ ಮೇಲೆ. ನಮ್ಮ ಪೊಸಡಿಗುಂಪೆ ಸಾವಿರ ಅಡಿಯ ಆಸುಪಾಸು. ಅಂತಹ ಎಂಟು ಗುಂಪೆಗಳನ್ನು ಒಂದರ ಮೇಲೊಂದು ಇಟ್ಟಂತೆ. ಉತ್ತರದಿಂದ ರೋಮಿಗೆ ಹೋಗುವ ಯಾತ್ರಿಕರಿಗೆ, ವ್ಯಾಪಾರಿಗಳಿಗೆ, ಸೈನ್ಯಗಳಿಗೆ ಇದೇ ಹೆದ್ದಾರಿ. ರೋಮನ್ನರ ಕಾಲದಲ್ಲಿ ಇಲ್ಲಿ ಜುಪಿಟರ್ ದೇವರ ಗುಡಿ ಇತ್ತು. ಕ್ಷೇಮವಾಗಿ ಹೋಗಿ ಬಂದುದಕ್ಕೆ ಪ್ರಯಾಣಿಕರು ಹರಕೆಯಾಗಿ ಒಪ್ಪಿಸಿದ ಕಂಚಿನ ಫಲಕಗಳು ಅಲ್ಲಿ ಅಗೆದಾಗ ಸಿಕ್ಕಿವೆ. ಘಾಟಿ ದಾಟುವ ಮೊದಲು ಹರಕೆ ಹೊರುವುದು ಎಲ್ಲ ಕಾಲದ, ಎಲ್ಲ ದೇಶದ ಮನುಷ್ಯರ ಅಭ್ಯಾಸವೆಂದು ಕಾಣುತ್ತದೆ.

ಹೆದರಲು ಕಾರಣವೂ ಇತ್ತು. 959ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಲ್ಫ್‌ಸಿಗೆ ಪೋಪರಿಂದ ತಮ್ಮ ಪದವಿಯ ಚಿಹ್ನೆ ಪಡೆಯಲೆಂದು ರೋಮಿಗೆ ಹೊರಟವರು ಆಲ್ಪ್ಸ್‌ನಲ್ಲಿ ಚಳಿಗೆ ಹೆಪ್ಪುಗಟ್ಟಿ ತೀರಿಕೊಂಡರು. 972ರಲ್ಲಿ ಕ್ಲೂನಿ ಮಠದ ಮಠಾಧಿಪತಿ ಸಂತ ಮಯೋಲರನ್ನು ಇದೇ ಘಾಟಿಯ ಕೆಳಗೆ ದರೋಡೆಕೋರರು ಹಿಡಿದು ಒತ್ತೆಹಣ ಕೇಳಿದರು. ಆರ್ಚ್‌ಬಿಷಪ್‌ಗೇ ಹೀಗಾದರೆ ಹೆಗಲಿಗೆ ಜೋಳಿಗೆ ಹಾಕಿಕೊಂಡು ಬಂದ ಬಡ ಯಾತ್ರಿಕನ ಗತಿ ಏನು?

ಆವೋಸ್ತಾದ ಕಥೆದ್ರಲಿನಲ್ಲಿ ಆರ್ಚ್‌ಡೀಕನ್ ಆಗಿದ್ದ ಬರ್ನಾರ್ಡ್ ಎಂಬ ಧರ್ಮಗುರು ಸುಮಾರು 1050ರ ಹೊತ್ತಿಗೆ ಘಾಟಿಯ ನೆತ್ತಿಯ ಮೇಲೆಯೇ ಒಂದು ಛತ್ರ ಕಟ್ಟಿಸಿದರು. ಕೆಳಗಿನ ಊರಿನಲ್ಲಲ್ಲ, ಜನ ಸಾಯುತ್ತಿದ್ದ ಜಾಗದಲ್ಲಿ. ಮುಂದೆ ಅದನ್ನು ನಡೆಸಿಕೊಂಡು ಬಂದವರು ಸಂತ ಅಗಸ್ಟೀನರ ನಿಯಮ ಪಾಲಿಸುವ ಧರ್ಮಗುರುಗಳು. ಅವರನ್ನು ಕ್ಯಾನನ್‌ಗಳು ಎನ್ನುತ್ತಾರೆ. ಬಂದವರು ಯಾರು, ಯಾವ ದೇಶ, ಯಾವ ಮತ ಎಂದು ಕೇಳದೆ ಊಟ ಹಾಸಿಗೆ ಕೊಡುವುದು ಅಲ್ಲಿನ ರೂಢಿ. ಹಗಲು ರಾತ್ರಿ ಬೀಗ ಹಾಕದ ಬಾಗಿಲು ಎಂದೇ ಆ ಮನೆಗೆ ಹೆಸರು. ಬರ್ನಾರ್ಡರು ಘಾಟಿಯ ಪಿಶಾಚಿಯನ್ನು ಸರಪಳಿಯಿಂದ ಕಟ್ಟಿದರು ಎಂಬ ಕಥೆಯೂ ಇದೆ, ಅವರ ಪ್ರತಿಮೆಗಳಲ್ಲಿ ಕಾಲಕೆಳಗೆ ಪಿಶಾಚಿ ಇರುತ್ತದೆ. ನಮಗೆ ಆ ಸರಪಳಿಗಿಂತ ಛತ್ರದ ಅಡುಗೆಮನೆಯೇ ದೊಡ್ಡ ಪವಾಡವೆನಿಸಿತು. ಮರವೂ ಬೆಳೆಯದ ಆ ಎತ್ತರಕ್ಕೆ ಒಂದೊಂದು ಸೌದೆ ತುಂಡನ್ನೂ ಕೆಳಗಿನಿಂದ ಹೊರಬೇಕಿತ್ತು.

ಈಗ 1129ಕ್ಕೆ ಬನ್ನಿ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಇಂದಿನ ಬೆಲ್ಜಿಯಮಿನಲ್ಲಿರುವ ಸಂತ ಟ್ರೋಂಡ್ ಮಠದ ಮಠಾಧಿಪತಿ ರುಡಾಲ್ಫ್ ಎಂಬವರು ರೋಮಿನಿಂದ ಊರಿಗೆ ಮರಳುತ್ತಿದ್ದರು. ಹೊಸ ವರ್ಷದ ಹೊತ್ತಿಗೆ ಘಾಟಿಯ ಇಟಲಿ ಬದಿಯ ಕೊನೆಯ ಹಳ್ಳಿಯಾದ ಸಂ ರೆಮಿ ತಲಪಿದರು. ಮೇಲೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ, ಹಾಗೆ ಹಿಮ. ಹಳ್ಳಿಯ ಪುಟ್ಟ ಮನೆಗಳಲ್ಲಿ ಯಾತ್ರಿಕರು ಕಿಕ್ಕಿರಿದಿದ್ದರು. ಬೆಟ್ಟದ ಮೇಲಿನಿಂದ ಹಿಮದ ರಾಶಿ ಆಗಾಗ ಜಾರಿ ಬೀಳುತ್ತಿತ್ತು, ಜನ ಸಾಯುತ್ತಿದ್ದರು.

ಆ ಊರಿನಲ್ಲಿ ಯಾತ್ರಿಕರಿಗೆ ದಾರಿ ಮಾಡಿಕೊಡುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಅವರನ್ನು ಮರೋನ್‌ಗಳು ಎಂದು ಕರೆಯುತ್ತಿದ್ದರು. ರುಡಾಲ್ಫ್ ಅವರ ವೇಷವನ್ನು ಚೆನ್ನಾಗಿ ಬರೆದಿಟ್ಟಿದ್ದಾರೆ. ತಲೆಗೆ ಉಣ್ಣೆಯ ದಪ್ಪ ಟೋಪಿ, ಕೈಗೆ ರೋಮದ ಚೀಲ, ಕಾಲಿಗೆ ಮೊಣಕಾಲ ತನಕದ ಬೂಟು, ಮಂಜುಗಡ್ಡೆಯ ಮೇಲೆ ಜಾರದಂತೆ ಬೂಟಿನ ಅಡಿಗೆ ಕಬ್ಬಿಣದ ಮೊಳೆ, ಕೈಯಲ್ಲಿ ಉದ್ದನೆಯ ಕೋಲು. ಹಿಮದ ಆಳ ನೋಡುವುದು ಆ ಕೋಲಿನಿಂದಲೇ. ಇಂದಿನ ಬೆಟ್ಟ ಹತ್ತುವವರ ಸಾಮಾನಿನ ಪಟ್ಟಿ ನೋಡಿದರೆ, ಒಂಬೈನೂರು ವರ್ಷದ ಹಿಂದಿನ ಈ ಬಡವರ ಹತ್ತಿರ ಅದರ ಮುಖ್ಯ ಭಾಗವೆಲ್ಲ ಇತ್ತು. ನಮ್ಮಲ್ಲಿ ಆಟಿಯ ಮಳೆಗೆ ಗೊರಬೆ, ತೋಟಕ್ಕೆ ಮುಟ್ಟಾಳೆ ಇದ್ದ ಹಾಗೆ, ಅವರ ನೆಲ ಅವರಿಗೆ ಕಲಿಸಿದ ಉಡುಪು ಅದು.

ಮರೋನ್‌ಗಳು ಮೊದಲು ಒಪ್ಪಲಿಲ್ಲ. ಆ ದಿನಗಳಲ್ಲಿ ಮೇಲೆ ಹೋಗುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಯಾತ್ರಿಕರು ಕೂಲಿ ಹೆಚ್ಚಿಸಿದರು. ಕೊನೆಗೆ ಅವರು ಒಪ್ಪಿದರು: ನಾವು ಮುಂದೆ ಹೋಗಿ ಹಿಮ ತುಳಿದು ದಾರಿ ಮಾಡುತ್ತೇವೆ, ನೀವು ಕಾಲ್ನಡೆಯಲ್ಲಿ ಹಿಂದಿನಿಂದ ಬನ್ನಿ, ಕುದುರೆಗಳು ಕೊನೆಗೆ ಬರಲಿ. ಯಾತ್ರಿಕರು ಊರ ಇಗರ್ಜಿಗೆ ಹೋದರು. ಸಾವು ಎದುರಿಗಿದೆಯೆಂದು ತಿಳಿದು ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ ಸಿದ್ಧರಾಗುತ್ತಿದ್ದರು. ಅಷ್ಟರಲ್ಲಿ ಹೊರಗಿನಿಂದ ಗೋಳು ಕೇಳಿಸಿತು. ಒಬ್ಬರ ಹೆಜ್ಜೆಯಲ್ಲಿ ಒಬ್ಬರು ಕಾಲಿಟ್ಟು ಊರಿನಿಂದ ಹೊರಟಿದ್ದ ಹತ್ತು ಮಂದಿ ಮರೋನ್‌ಗಳ ಮೇಲೆ ಬೆಟ್ಟದಷ್ಟು ಹಿಮ ಕುಸಿದಿತ್ತು. ಊರವರು ಓಡಿ ಹೋಗಿ ಅಗೆದರು. ಕೆಲವರನ್ನು ಹೆಣವಾಗಿ, ಕೆಲವರನ್ನು ಅರೆಜೀವವಾಗಿ, ಕೆಲವರನ್ನು ಮೂಳೆ ಮುರಿದ ಸ್ಥಿತಿಯಲ್ಲಿ ಹೊತ್ತು ತಂದರು. ಹೆಂಗಸರು ಗಂಡನ, ತಮ್ಮನ ಹೆಸರು ಕೂಗಿ ಅಳುತ್ತಿದ್ದರು.

ಯಾತ್ರಿಕರು ಇಗರ್ಜಿಯಿಂದ ಹೊರಗೆ ಬಂದು ಇದನ್ನು ಕಂಡು, ಬಂದ ದಾರಿಯಲ್ಲೇ ಕೆಳಗಿನ ಎತ್ರೂಬ್ಲ್ ಊರಿಗೆ ಓಡಿಹೋದರು. ಮೂವರು ಅರಸರ ಹಬ್ಬವನ್ನು ಅಲ್ಲಿ ಕಳೆದರು. ಹವೆ ತಿಳಿಯಾದ ಮೇಲೆ ಮತ್ತೆ ಮರೋನ್‌ಗಳನ್ನೇ ಕರೆದು ಘಾಟಿ ದಾಟಿದರು. ರುಡಾಲ್ಫರ ಹೆಸರು ಗ್ರಂಥಗಳಲ್ಲಿ ಉಳಿಯಿತು, ಆ ಹತ್ತು ಜನರ ಹೆಸರು ಅವರ ಬರಹದಲ್ಲಿ ಇಲ್ಲ. ಬಳಗದಲ್ಲಿ ಇದನ್ನು ಓದಿದಾಗ ಒಂದು ಚರ್ಚೆಯೇ ಆಯಿತು. ಕೂಲಿಗಾಗಿ ಹೋದವರನ್ನು ತ್ಯಾಗಿಗಳೆನ್ನಬಹುದೇ ಎಂದು ಒಬ್ಬರು ಕೇಳಿದರು. ಸಮುದ್ರಕ್ಕೆ ಹೋಗುವ ಮೀನುಗಾರನೂ ಮೀನು ಮಾರಿ ಬದುಕುವವನೇ, ಆದರೂ ನೆರೆ ಬಂದಾಗ ದೋಣಿ ಹೊತ್ತು ಬಂದವನು ಅವನೇ ಅಲ್ಲವೇ ಎಂದು ಇನ್ನೊಬ್ಬರು ಕೇಳಿದರು. 2018ರ ಕೇರಳದ ನೆರೆಯನ್ನು ಕಂಡ ನಮಗೆ ಆ ಮಾತಿಗೆ ಎದುರುತ್ತರ ಹೊಳೆಯಲಿಲ್ಲ.

ಸಂ ರೆಮಿಯ ಗಂಡಸರು ಈ ಕೆಲಸವನ್ನು ಶತಮಾನಗಳ ಕಾಲ ಬಿಡಲಿಲ್ಲ. ಘಾಟಿಯ ಸೇವೆಗೆ ಬದಲಾಗಿ ಅವರಿಗೆ ಸೈನ್ಯಕ್ಕೆ ಸೇರುವುದರಿಂದ ವಿನಾಯಿತಿ ಇತ್ತು. 'ಹಿಮದ ಸೈನಿಕರು' ಎಂದೇ ಅವರನ್ನು ಕರೆದರು. ಮೇಲಿನ ಛತ್ರದಲ್ಲಿಯೂ ಕ್ಯಾನನ್‌ಗಳ ಜೊತೆ ಮರೊನಿಯೇ ಎಂಬ ಆಳುಗಳಿದ್ದರು. ಹಳೆಯ ಮರೋನ್ ಎಂಬ ಹೆಸರೇ ಹೀಗೆ ಉಳಿದುಕೊಂಡಿತು. ಚಳಿಗಾಲದಲ್ಲಿ ಅವರು ದಾರಿಯಲ್ಲಿ ಇಳಿದು ಹೋಗಿ, ಬರುತ್ತಿರುವವರನ್ನು ಹುಡುಕಿ, ರೊಟ್ಟಿ ಮತ್ತು ದ್ರಾಕ್ಷಾರಸ ಕೊಟ್ಟು, ನಡೆಯಲಾಗದವರನ್ನು ಹೊತ್ತು ತರಬೇಕು. ಮಂಜು ಕವಿದರೆ ದಿಕ್ಕು ತಿಳಿಯಲೆಂದು ಗಂಟೆ ಬಾರಿಸುತ್ತಿದ್ದರು. ಈ ಕೆಲಸದಲ್ಲಿ ಆಳುಗಳೂ ಸತ್ತರು, ಕ್ಯಾನನ್‌ಗಳೂ ಸತ್ತರು. ಗುರುತು ಸಿಗದ ಪ್ರಯಾಣಿಕರ ಹೆಣಗಳನ್ನು ಹೂಳಲು ಅಲ್ಲಿನ ನೆಲ ಬಂಡೆ ಮತ್ತು ಹೆಪ್ಪು. ಆದ್ದರಿಂದ ಛತ್ರದ ಪಕ್ಕದಲ್ಲಿ ಒಂದು ಶವದ ಮನೆ ಕಟ್ಟಿ, ಸಂಬಂಧಿಕರು ಎಂದಾದರೂ ಬಂದು ಗುರುತಿಸಲಿ ಎಂದು ಅಲ್ಲಿ ಇರಿಸುತ್ತಿದ್ದರು. ಚಳಿಗೆ ಅವು ಕೊಳೆಯುತ್ತಿರಲಿಲ್ಲ. ಈಗ ಅದರ ಬಾಗಿಲನ್ನು ಗೋಡೆ ಕಟ್ಟಿ ಮುಚ್ಚಲಾಗಿದೆ.

ನಾಯಿಗಳ ವಿಷಯ ಬರಲೇಬೇಕು, ಇಲ್ಲವಾದರೆ ನಮ್ಮ ಭಾನುವಾರದ ಧರ್ಮೋಪದೇಶ ತರಗತಿಯ ಮಕ್ಕಳು ಬಿಡುವುದಿಲ್ಲ. ಸೇಂಟ್ ಬರ್ನಾರ್ಡ್ ನಾಯಿ ಎಂಬ ತಳಿ ಬೆಳೆದದ್ದು ಇದೇ ಛತ್ರದಲ್ಲಿ. 17ನೇ ಶತಮಾನದ ಉತ್ತರಾರ್ಧದಲ್ಲಿ ಕಾವಲಿಗೆಂದು ತಂದವು ಅವು. ಅಡುಗೆಮನೆಯಲ್ಲಿ ಮಾಂಸ ಸುಡುವ ಸರಳನ್ನು ತಿರುಗಿಸುವ ಚಕ್ರದೊಳಗೆ ಕೂಡ ನಾಯಿ ಓಡಿಸಿದ್ದುಂಟು! ಆಮೇಲೆ ಮರೊನಿಯೇಗಳ ಜೊತೆ ಹೊರಗೆ ಹೋಗುತ್ತಾ ಹೋಗುತ್ತಾ, ಹಿಮದಡಿಯ ಮನುಷ್ಯನ ವಾಸನೆ ಹಿಡಿಯುವುದರಲ್ಲಿ, ಅಗಲ ಎದೆಯಿಂದ ಹಿಮ ಸೀಳಿ ದಾರಿ ಮಾಡುವುದರಲ್ಲಿ ಅವು ಪಳಗಿದವು. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತು ಎನ್ನುತ್ತಾರೆ. ಮುದಿಯಾದ ಮೇಲೆ 1812ರಲ್ಲಿ ಅದನ್ನು ಬೆರ್ನ್ ನಗರಕ್ಕೆ ಕರೆದೊಯ್ದರು, 1814ರಲ್ಲಿ ಅಲ್ಲಿ ಸತ್ತಿತು. ಅದರ ದೇಹವನ್ನು ಬೆರ್ನಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ತೋಳವೆಂದು ತಪ್ಪು ತಿಳಿದು ಸೈನಿಕನೊಬ್ಬ ಅದನ್ನು ಕೊಂದ ಎಂಬ ಕಣ್ಣೀರಿನ ಕಥೆ ಸುಳ್ಳು. ಕತ್ತಿನಲ್ಲಿ ನೇತಾಡುವ ಬ್ರಾಂದಿ ಪೀಪಾಯಿ ಕೂಡ ಇಂಗ್ಲಿಷ್ ಚಿತ್ರಕಾರ ಲ್ಯಾಂಡ್‌ಸೀರ್ 1820ರಲ್ಲಿ ಬರೆದ ಚಿತ್ರದಿಂದ ಹಬ್ಬಿದ್ದು. ಚಾಕಲೇಟ್ ಡಬ್ಬಿಗಳಿಗೆ ಅದು ಚೆನ್ನಾಗಿ ಒಪ್ಪಿತು.

ನೆಪೋಲಿಯನ್ನನನ್ನು ಬೇಗ ದಾಟಿಸಿಬಿಡೋಣ. 1800ರ ಮೇ ತಿಂಗಳಲ್ಲಿ, ಹಿಮ ಇನ್ನೂ ಕರಗದಿರುವಾಗ, ಸುಮಾರು 40,000 ಸೈನಿಕರನ್ನು ಅವನು ಈ ಘಾಟಿಯಲ್ಲಿ ದಾಟಿಸಿದ. ಫಿರಂಗಿಗಳನ್ನು ಟೊಳ್ಳು ಮಾಡಿದ ಮರದ ದಿಮ್ಮಿಗಳಲ್ಲಿ ಇಟ್ಟು ಎಳೆದರು. ಛತ್ರದ ಉಗ್ರಾಣ ಖಾಲಿಯಾಯಿತು. ದಾವೀದ್ ಎಂಬ ಚಿತ್ರಕಾರ ಅವನನ್ನು ಎರಡು ಕಾಲಲ್ಲಿ ನಿಂತ ಬಿಳಿ ಕುದುರೆಯ ಮೇಲೆ ಕೂರಿಸಿದ. ನಿಜದಲ್ಲಿ ಅವನು ಬಂದದ್ದು ಹೇಸರಗತ್ತೆಯ ಮೇಲೆ. ಅದರ ಹಗ್ಗ ಹಿಡಿದವನು ಬೂರ್ ಸಂ ಪಿಯೆರ್ ಊರಿನ ದೋರ್ಸಾ ಎಂಬ ಗೈಡ್. ಕತ್ತೆ ಜಾರಿದಾಗ ಆತ ಹಿಡಿದು ನಿಲ್ಲಿಸಿದನೆಂದು ಅಲ್ಲಿನವರು ಹೇಳುತ್ತಾರೆ. ಚಿತ್ರದಲ್ಲಿ ದೋರ್ಸಾ ಇಲ್ಲ.

ಬೆಟ್ಟವನ್ನು ದಾಟುವುದು ಒಂದು, ಹತ್ತುವುದು ಇನ್ನೊಂದು. ಶಿಖರಕ್ಕೆಂದೇ ಹತ್ತುವ ಹುಚ್ಚು ಹಬ್ಬಿದ್ದು 1786ರ ಆಗಸ್ಟ್ 8ರಂದು ಬಾಲ್ಮಾ ಮತ್ತು ಡಾಕ್ಟರ್ ಪಕ್ಕಾರ್ ಎಂಬಿಬ್ಬರು ಮೊಂಬ್ಲಾಂ ಶಿಖರ ಮುಟ್ಟಿದ ಮೇಲೆ. ಅಲ್ಲಿಂದ ಗೈಡ್‌ಗಳ ಜೀವನವೂ ಬದಲಾಯಿತು. 1820ರ ಆಗಸ್ಟಿನಲ್ಲಿ ಡಾಕ್ಟರ್ ಹಾಮೆಲ್ ಎಂಬ ವಿಜ್ಞಾನಿಯ ತಂಡ ಹವೆ ಕೆಟ್ಟಿದ್ದರೂ ಮೇಲಕ್ಕೆ ಹೊರಟಿತು. ಗೈಡ್‌ಗಳಿಗೆ ಮನಸ್ಸಿರಲಿಲ್ಲ. ಹಿಮ ಕುಸಿದು ಮೂವರು ಗೈಡ್‌ಗಳು ಹಿಮನದಿಯ ಬಿರುಕಿನೊಳಗೆ ಹೋದರು. ಮರುವರ್ಷ, 1821ರಲ್ಲಿ, ಶಾಮೊನಿಯ ಗೈಡ್‌ಗಳು ತಮ್ಮದೇ ಸಂಘ ಕಟ್ಟಿದರು. ಸರದಿಯ ಪ್ರಕಾರ ಕೆಲಸ, ಸತ್ತವರ ಮನೆಯವರಿಗೆ ನೆರವು ಎಂಬುದು ಅದರ ನಿಯಮ. ಹಿಮನದಿ ನಿಧಾನವಾಗಿ ಕೆಳಗೆ ಹರಿಯುತ್ತದೆ. ಆ ಮೂವರ ಅವಶೇಷಗಳು 1861ರಲ್ಲಿ, 41 ವರ್ಷಗಳ ಬಳಿಕ, ಅದರ ಬುಡದಲ್ಲಿ ಹೊರಬಿದ್ದವು. ಅಂದು ಬದುಕಿ ಉಳಿದಿದ್ದ ಕುತ್ತೆ ಎಂಬ ಗೈಡ್, ಈಗ ಮುದುಕ, ಬಂದು ತನ್ನ ಜೊತೆಗಾರರ ಗುರುತು ಹೇಳಿದ. ಸಂಘ ಇಂದಿಗೂ ಇದೆ. ಪ್ರತಿ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಶಾಮೊನಿಯಲ್ಲಿ ಗೈಡ್‌ಗಳ ಹಗ್ಗ ಮತ್ತು ಹಿಮಗೊಡಲಿಗಳನ್ನು ಧರ್ಮಗುರುಗಳು ಆಶೀರ್ವದಿಸುತ್ತಾರೆ.

ಧರ್ಮಗುರುಗಳೇ ಹಗ್ಗ ಕಟ್ಟಿಕೊಂಡದ್ದೂ ಉಂಟು. ಮ್ಯಾಟರ್‌ಹಾರ್ನ್ ಶಿಖರವನ್ನು 1865ರ ಜುಲೈ 14ರಂದು ಸ್ವಿಸ್ ಬದಿಯಿಂದ ವಿಂಪರ್ ತಂಡ ಹತ್ತಿತು, ಇಳಿಯುವಾಗ ನಾಲ್ವರು ಸತ್ತರು. ಎರಡು ದಿನಗಳ ಬಳಿಕ ಇಟಲಿ ಬದಿಯಿಂದ ಹೊರಟವರು ಗೈಡ್ ಜ್ಯಾಂ ಆಂತ್ವಾನ್ ಕರೆಲ್, ಬಿಕ್, ಮೆಯ್ನೆ ಮತ್ತು ಅದೇ ಹಳ್ಳಿಯ ಯುವ ಧರ್ಮಗುರು ಆಮೆ ಗೊರ್ರೆ. ಶಿಖರ ಇನ್ನೇನು ಸಿಕ್ಕಿತು ಎನ್ನುವಲ್ಲಿ ಒಂದು ಕಡಿದಾದ ಕೊರಕಲು. ಅಲ್ಲಿ ಇಳಿದವರನ್ನು ಮರಳುವಾಗ ಮೇಲೆಳೆಯಲು ಯಾರಾದರೂ ನಿಲ್ಲಲೇಬೇಕು. ಗುರುಗಳು ತಾನು ನಿಲ್ಲುತ್ತೇನೆ ಎಂದರು, ಮೆಯ್ನೆಯೂ ನಿಂತ. ಕರೆಲ್ ಮತ್ತು ಬಿಕ್ ಶಿಖರಕ್ಕೆ ಹೋಗಿ ಬಂದರು. ಹುಟ್ಟಿದಾಗಿನಿಂದ ಮನೆಯ ಬಾಗಿಲಲ್ಲಿ ಕಾಣುತ್ತಿದ್ದ ಶಿಖರವದು, ಅದರ ಬುಡದಲ್ಲೇ ನಿಂತುಕೊಳ್ಳುವುದೆಂದರೆ!

ಆ ಕರೆಲ್‌ನ ಕೊನೆಯನ್ನೂ ಹೇಳಬೇಕು. 1890ರ ಆಗಸ್ಟಿನಲ್ಲಿ, ಅರವತ್ತೊಂದರ ವಯಸ್ಸಿನಲ್ಲಿ, ಸಿನಿಗಾಲಿಯಾ ಎಂಬ ಸಂಗೀತಗಾರನನ್ನು ಅದೇ ಬೆಟ್ಟಕ್ಕೆ ಕರೆದೊಯ್ದಾಗ ಬಿರುಗಾಳಿ ಬಂತು. ಮೇಲಿನ ಗುಡಿಸಲಲ್ಲಿ ಸಿಕ್ಕಿಹಾಕಿಕೊಂಡು, ಆಹಾರ ಮುಗಿದು, ಕೊನೆಗೆ ಗಾಳಿಯಲ್ಲೇ ಇಳಿದರು. ಇಡೀ ಹಗಲು, ಕತ್ತಲಾದ ಮೇಲೂ ಕರೆಲ್ ದಾರಿ ಹುಡುಕುತ್ತಾ ನಡೆಸಿದ. ಅಪಾಯದ ಜಾಗವೆಲ್ಲ ಮುಗಿದು, ಜೊತೆಯವರು ಕ್ಷೇಮವೆಂದಾದ ಮೇಲೆ ಕುಸಿದು ಬಿದ್ದು ಅಲ್ಲೇ ಪ್ರಾಣ ಬಿಟ್ಟ. ಆ ಜಾಗದಲ್ಲಿ ಈಗ ಒಂದು ಶಿಲುಬೆ ಇದೆ.

ಇಷ್ಟರವರೆಗೆ ಯಾರ ಕಾಲಲ್ಲೂ ಸ್ಕೀ ಇರಲಿಲ್ಲ. ನಾರ್ವೆಯಲ್ಲಿ ಹಳೆಯದಾದ ಈ ಉದ್ದ ಹಲಗೆಗಳು ಆಲ್ಪ್ಸ್‌ಗೆ ಬಂದದ್ದು 19ನೇ ಶತಮಾನದ ಕೊನೆಗೆ. 1896ರಲ್ಲಿ ಅದೋಲ್ಫೊ ಕಿಂಡ್ ಎಂಬ ಸ್ವಿಸ್ ಇಂಜಿನಿಯರ್ ಟುರಿನ್ ನಗರಕ್ಕೆ ಸ್ಕೀ ತರಿಸಿದರು, 1901ರಲ್ಲಿ ಅಲ್ಲಿ ಇಟಲಿಯ ಮೊದಲ ಸ್ಕೀ ಕ್ಲಬ್ ಹುಟ್ಟಿತು. ಶಾಮೊನಿಯ ಡಾಕ್ಟರ್ ಮಿಶೆಲ್ ಪಾಯೊ ಚಳಿಗಾಲದಲ್ಲಿ ರೋಗಿಗಳ ಮನೆಗೆ ಸ್ಕೀ ಮೇಲೆಯೇ ಹೋಗುತ್ತಿದ್ದರು. 1903ರ ಜನವರಿಯಲ್ಲಿ ಅವರೂ ಮೂವರು ಗೈಡ್‌ಗಳೂ ಶಾಮೊನಿಯಿಂದ ಜೆರ್ಮಾಟ್ ತನಕದ ಎತ್ತರದ ದಾರಿಯನ್ನು ಸ್ಕೀ ಮೇಲೆ ಸಾಗಿದರು. ಇಂದು ಲೋಕದ ಅತ್ಯಂತ ಹೆಸರಾದ ಸ್ಕೀ ಯಾತ್ರೆ ಅದು.

ಸ್ಕೀ ಎಂದರೆ ಜಾರುವ ಹಲಗೆ, ಅದರಲ್ಲಿ ಹತ್ತುವುದು ಹೇಗೆ? ಹಲಗೆಯ ಅಡಿಗೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮ ಕಟ್ಟುತ್ತಿದ್ದರು. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಮುಂದಕ್ಕೆ ತಳ್ಳಿದರೆ ಜಾರುತ್ತದೆ, ಹಿಂದಕ್ಕೆ ಬಂದರೆ ರೋಮ ಎದ್ದು ಹಿಮವನ್ನು ಕಚ್ಚುತ್ತದೆ. ಬೆಕ್ಕಿನ ಬೆನ್ನನ್ನು ಬಾಲದ ಕಡೆಯಿಂದ ಸವರಿ ನೋಡಿದರೆ ಗೊತ್ತಾಗುತ್ತದೆ. ಈಗ ಅದೇ ಗುಣದ ನೈಲಾನ್ ಪಟ್ಟಿಗಳಿವೆ. ಮೇಲೆ ತಲಪಿದ ಮೇಲೆ ಪಟ್ಟಿ ಕಿತ್ತು ಚೀಲಕ್ಕೆ ಹಾಕಿ ಇಳಿಯುವುದು.

ಕೊನೆಯ ಚಳಿಗಾಲವೇ ಏಕೆ ಎಂಬುದಕ್ಕೂ ಕಾರಣವಿದೆ. ಡಿಸೆಂಬರ್, ಜನವರಿಯಲ್ಲಿ ಹಿಮ ಪದರ ಪದರವಾಗಿ ಬೀಳುತ್ತದೆ, ಪದರಗಳು ಒಂದಕ್ಕೊಂದು ಅಂಟಿರುವುದಿಲ್ಲ. ಮಾರ್ಚ್ ಬಂದಂತೆ ಹಗಲು ಬಿಸಿಲಿಗೆ ಸ್ವಲ್ಪ ಕರಗಿ ರಾತ್ರಿ ಚಳಿಗೆ ಹೆಪ್ಪುಗಟ್ಟಿ, ಇದೇ ಮರುಕಳಿಸಿ, ರಾಶಿಯೆಲ್ಲ ಒಂದಾಗಿ ಗಟ್ಟಿಯಾಗುತ್ತದೆ. ಹಿಮನದಿಯ ಬಿರುಕುಗಳ ಮೇಲೆ ಹಿಮದ ಸೇತುವೆಗಳು ದಪ್ಪವಾಗಿರುತ್ತವೆ. ಆದರೆ ಬೆಳಿಗ್ಗೆ ಕಲ್ಲಿನಂತಿದ್ದ ಇಳಿಜಾರು ಮಧ್ಯಾಹ್ನಕ್ಕೆ ಗಂಜಿಯಾಗುತ್ತದೆ, ಆಗ ಒದ್ದೆ ಹಿಮ ಇಡಿಯಾಗಿ ಜಾರುತ್ತದೆ. ಆದ್ದರಿಂದಲೇ ಗೈಡ್‌ಗಳು ಕತ್ತಲಲ್ಲಿ ತಲೆಗೆ ದೀಪ ಕಟ್ಟಿ ಹೊರಟು ಮಧ್ಯಾಹ್ನಕ್ಕೆ ಮೊದಲು ಇಳಿದುಬಿಡುತ್ತಾರೆ. ಹಿಮದಡಿ ಸಿಕ್ಕವನನ್ನು ಸುಮಾರು ಕಾಲು ಗಂಟೆಯೊಳಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಅರ್ಧ ಗಂಟೆಯಾದರೆ ಬಹಳ ಕಡಿಮೆ. ಹೊರಗಿನಿಂದ ಸಹಾಯ ಬರುವಷ್ಟು ಹೊತ್ತಿಲ್ಲ, ಜೊತೆಗಿದ್ದವನೇ ಅಗೆಯಬೇಕು.

ಈಗ ನಮ್ಮ ಊರಿಗೂ ತಾಗುವ ಒಂದು ಸಂಗತಿ. 1889ರ ಜುಲೈ ಕೊನೆಯಲ್ಲಿ ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದ 32 ವಯಸ್ಸಿನ ಧರ್ಮಗುರು ಅಕಿಲ್ಲೆ ರಾತ್ತಿ 4,634 ಮೀಟರ್ ಎತ್ತರದ ಮೊಂತೆ ರೋಸಾವನ್ನು ಅದರ ಅತಿ ಕಷ್ಟದ ಪೂರ್ವಮುಖದಿಂದ ಹತ್ತಿದರು. ಜೊತೆಗೆ ಗ್ರಾಸೆಲ್ಲಿ ಎಂಬ ಇನ್ನೊಬ್ಬ ಗುರುಗಳು, ಕೂರ್ಮಯೋರಿನ ಗಾದಿನ್ ಮತ್ತು ಪ್ರೊಮೆನ್ ಎಂಬ ಗೈಡ್‌ಗಳು. ಶಿಖರದ ಹತ್ತಿರ ಕತ್ತಲಾಯಿತು. ಮಲಗಲು ಜಾಗವಿಲ್ಲದ ಬಂಡೆಯ ಅಂಚಿನಲ್ಲಿ ರಾತ್ರಿಯಿಡೀ ಎಚ್ಚರವಿದ್ದು, ಕಾಲು ಬಡಿಯುತ್ತಾ ಕಳೆದರು. ಕುಡಿಯಲು ತಂದದ್ದರಲ್ಲಿ ಹೆಚ್ಚಿನದು ಹೆಪ್ಪುಗಟ್ಟಿತ್ತು. ಮರುವರ್ಷ ಅದೇ ತಂಡ ಮೊಂಬ್ಲಾಂನಿಂದ ಇಟಲಿಯ ಕಡೆಗೆ ಇಳಿದ ದಾರಿಯಲ್ಲಿ ಇಂದಿಗೂ ಜನ ಹೋಗುತ್ತಾರೆ.

1922ರ ಫೆಬ್ರವರಿಯಲ್ಲಿ ಈ ಗುರುಗಳೇ ಜಗದ್ಗುರು 11ನೇ ಪಿಯುಸ್ ಆದರು. 1923ರ ಜೂನ್ 12ರಂದು ಮಂಗಳೂರು ಧರ್ಮಪ್ರಾಂತ್ಯದಿಂದ ಮಲಬಾರನ್ನು ಬೇರ್ಪಡಿಸಿ ಕಲ್ಲಿಕೋಟೆ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದವರು ಇವರೇ. ಮಂಗಳೂರಿನ ಬಿಷಪ್ ಪೆರಿನಿ ಕಲ್ಲಿಕೋಟೆಗೆ ಹೋದರು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ಕಾಸರಗೋಡು ಮಂಗಳೂರಿನಲ್ಲೇ ಉಳಿಯಿತು. 1956ರಲ್ಲಿ ರಾಜ್ಯದ ಗಡಿ ಬದಲಾದರೂ ಧರ್ಮಪ್ರಾಂತ್ಯದ ಗಡಿ ಬದಲಾಗಲಿಲ್ಲ, ಕೇರಳದಲ್ಲಿದ್ದುಕೊಂಡು ನಮ್ಮ ಬಿಷಪ್ಪರು ಮಂಗಳೂರಿನವರಾದದ್ದು ಹೀಗೆ. ನಮ್ಮ ಪಾಲಿಗೆ ಆ ಗೆರೆ ಎಳೆದ ಎರಡು ತಿಂಗಳಲ್ಲಿ, ಆಗಸ್ಟ್ 20ರಂದು, ಇದೇ ಪೋಪರು ಇನ್ನೊಂದು ಪತ್ರಕ್ಕೆ ಸಹಿ ಹಾಕಿದರು: ಘಾಟಿಯ ಸಂತ ಬರ್ನಾರ್ಡರನ್ನು ಆಲ್ಪ್ಸ್ ನಿವಾಸಿಗಳ, ಪ್ರಯಾಣಿಕರ ಮತ್ತು ಪರ್ವತಾರೋಹಿಗಳ ಪಾಲಕ ಸಂತರೆಂದು ಘೋಷಿಸುವ ಪತ್ರ. ಸಿಂಹಾಸನ ಏರಿದ ಮೇಲೆ ಅವರಿಗೆ ಬೆಟ್ಟಕ್ಕೆ ಹೋಗಲಾಗಲಿಲ್ಲ. ಅಂದಿನ ಪೋಪರು ವ್ಯಾಟಿಕನ್ ಗೋಡೆ ದಾಟುತ್ತಿರಲಿಲ್ಲ. ಆ ಪತ್ರ ಬರೆಯುವಾಗ ಮೊಂತೆ ರೋಸಾದ ಬಂಡೆ ನೆನಪಾಗದೆ ಇರಲು ಸಾಧ್ಯವೇ?

ಅದೇ ವರ್ಷಗಳಲ್ಲಿ ಟುರಿನಿನಲ್ಲಿ ಫ್ರಸ್ಸಾತಿ ಸ್ಕೀ ಹೊತ್ತು ರೈಲು ಹತ್ತುತ್ತಿದ್ದರು. ಅಪ್ಪ ದೊಡ್ಡ ಪತ್ರಿಕೆಯ ಮಾಲೀಕ, ಮಗ ಗಣಿ ಇಂಜಿನಿಯರಿಂಗ್ ವಿದ್ಯಾರ್ಥಿ. ವಾರದ ದಿನಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯನಾಗಿ ಬಡವರ ಮನೆಗಳಿಗೆ, ರಜೆ ಬಂದರೆ ಬೆಟ್ಟಕ್ಕೆ. ಆದರೆ ಬಲಿಪೂಜೆ ತಪ್ಪಿಸುವಂತಿಲ್ಲ. 1925ರ ಜೂನ್ 7ರ ಕೊನೆಯ ಹತ್ತುವಿಕೆಯ ಫೋಟೋದ ಮೇಲೆ ಅವರು ಬರೆದ 'ಎತ್ತರದ ಕಡೆಗೆ' ಎಂಬ ಎರಡು ಇಟಾಲಿಯನ್ ಪದಗಳು ಈಗ ಎಲ್ಲೆಡೆ ಟೀಶರ್ಟುಗಳ ಮೇಲಿವೆ. ಒಂದು ತಿಂಗಳೊಳಗೆ, ಜುಲೈ 4ರಂದು, 24ನೇ ವಯಸ್ಸಿನಲ್ಲಿ ಪೋಲಿಯೋದಿಂದ ತೀರಿಕೊಂಡರು. ಶವಯಾತ್ರೆಗೆ ಬಂದ ಬಡವರ ಸಂಖ್ಯೆ ನೋಡಿಯೇ ಮನೆಯವರಿಗೆ ಮಗನ ಇನ್ನೊಂದು ಬದುಕು ತಿಳಿದದ್ದು.

ಘಾಟಿಯ ಕ್ಯಾನನ್‌ಗಳ ಹಿಮದ ಅನುಭವ ಹಿಮಾಲಯದ ಕಡೆಗೂ ಬಂತು. ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ಮಿಷನ್ ಸಂಸ್ಥೆಯವರೇ ಚೀನಾ ಟಿಬೆಟ್ ಗಡಿಯಲ್ಲೂ ಇದ್ದರು. ಅಲ್ಲಿನ ಘಾಟಿಗಳಲ್ಲಿ ಜನ ಸಾಯುವುದನ್ನು ನೋಡಿ, ಇದಕ್ಕೆ ಸಂತ ಬರ್ನಾರ್ಡಿನವರೇ ಸರಿ ಎಂದು ಅವರನ್ನು ಕರೆದರು. 1930ರ ದಶಕದಲ್ಲಿ ಕ್ಯಾನನ್‌ಗಳು ಯುನ್ನಾನಿಗೆ ಹೋಗಿ ಲಾತ್ಸಾ ಘಾಟಿಯಲ್ಲಿ ಒಂದು ಛತ್ರ ಕಟ್ಟತೊಡಗಿದರು. ಅದು ಮುಗಿಯಲಿಲ್ಲ. 1936ರಲ್ಲಿ ಹೋದ ಮೌರಿಸ್ ತೋರ್ನೆ, ತನ್ನ ಕ್ರೈಸ್ತರಿಗೆ ರಕ್ಷಣೆ ಕೇಳಲು ವ್ಯಾಪಾರಿಗಳ ಗುಂಪಿನಲ್ಲಿ ಲ್ಹಾಸಾಗೆ ಹೊರಟಾಗ 1949ರ ಆಗಸ್ಟ್ 11ರಂದು ಗುಂಡೇಟಿಗೆ ಬಲಿಯಾದರು. ಜೊತೆಗಿದ್ದ ಸೇವಕ ದೋಸಿಯೂ ಸತ್ತ. ತೋರ್ನೆಯವರನ್ನು 1993ರಲ್ಲಿ ಪುನೀತರೆಂದು ಸಾರಲಾಯಿತು.

1964ರಲ್ಲಿ ಘಾಟಿಯ ಕೆಳಗೆ ಸುರಂಗ ತೆರೆಯಿತು. ಲಾರಿ, ಬಸ್ಸು ಎಲ್ಲ ಅದರೊಳಗೆ ಹೋಗುತ್ತವೆ, ಮೇಲಿನ ರಸ್ತೆ ಅಕ್ಟೋಬರಿನಿಂದ ಸುಮಾರು ಜೂನ್ ತನಕ ಹಿಮದಡಿ ಮುಚ್ಚಿರುತ್ತದೆ. ದಾರಿ ತಪ್ಪಿದ ವ್ಯಾಪಾರಿ ಈಗ ಬರುವುದಿಲ್ಲ. ನಾಯಿಗಳು ಕೂಡ ಚಳಿಗಾಲದಲ್ಲಿ ಕೆಳಗಿನ ಮಾರ್ತಿನ್ಯಿಯಲ್ಲಿರುತ್ತವೆ. ಆದರೂ ಕ್ಯಾನನ್‌ಗಳು ಇಳಿದು ಬಂದಿಲ್ಲ, ಕೆಲವರು ಸ್ವತಃ ಪರೀಕ್ಷೆ ಪಾಸಾದ ಬೆಟ್ಟದ ಗೈಡ್‌ಗಳು. ಮಾರ್ಚ್, ಏಪ್ರಿಲ್‌ನಲ್ಲಿ ಸ್ಕೀ ಕಟ್ಟಿದ ಯುವಕ ಯುವತಿಯರು ಸುರಂಗದ ಬಾಯಿಯಿಂದ ಎರಡು ಮೂರು ಗಂಟೆ ಹತ್ತಿ ಅಲ್ಲಿಗೆ ಬರುತ್ತಾರೆ. ಪಾಸ್ಕ ಹಬ್ಬದ ಜಾಗರಣೆಗೆಂದೇ ಬರುವವರಿದ್ದಾರೆ. ಕೊನೆಯ ಏರಿನ ಹೆಸರು 'ಸತ್ತವರ ಕಣಿವೆ'. ಎರಡೂ ಬದಿಯ ಇಳಿಜಾರು ಹಿಮ ಹೊತ್ತು ನಿಂತಿರುವುದರಿಂದ ಅಲ್ಲಿ ಗೈಡ್ ತನ್ನವರನ್ನು ಒಬ್ಬೊಬ್ಬರಾಗಿ, ನಡುವೆ ದೂರ ಬಿಟ್ಟು ದಾಟಿಸುತ್ತಾನೆ, ಮೊದಲು ತಾನು ಹೋಗಿ. ಮೇಲೆ ಬಂದವರಿಗೆ ಕೊಡುವುದು ಬಿಸಿ ಚಹಾ.